ಅಲ್ಲಾಡದೆ ನಿಂತವರ ಪರವಾಗಿ ಒಂದು ಕೈಪಟ್ಟಿಗೆ

ಮಾನ್ಯ ಕೈಪಟ್ಟಿಯವರೇ,

ತಮ್ಮ ನೀಲಿ ರಬ್ಬರಿನ ಮೈಗೆ, ಅದರ ನಡುವೆ ಬಟಾಣಿಯಷ್ಟೇ ಇದ್ದು ಬೆಟ್ಟದಷ್ಟು ತಿಳಿದುಕೊಂಡಿರುವ ಹಸಿರು ದೀಪಕ್ಕೆ, ಮನುಷ್ಯರ ಆನಂದವನ್ನು ಅವರವರ ಮಣಿಕಟ್ಟಿನಲ್ಲೇ ಹಿಡಿದು ಅಳೆದು ದರ್ಜೆ ಹಚ್ಚುವ ತಮ್ಮ ಅಪಾರ ವಿದ್ವತ್ತಿಗೆ ಮೊದಲು ನನ್ನ ನಮಸ್ಕಾರ. ಸಂಗೀತ ಕೇಳಲು ಕಿವಿ ಬೇಕು ಎಂಬ ಹಳೆಯ ಮೂಢನಂಬಿಕೆಯನ್ನು ಮೂರೇ ದಿನಗಳಲ್ಲಿ ಬೇರುಸಹಿತ ಕಿತ್ತೆಸೆದ ತಮಗೆ ಪತ್ರ ಬರೆಯುವ ಯೋಗ್ಯತೆ ನನಗಿಲ್ಲವೆಂದು ಗೊತ್ತಿದ್ದೂ, ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ.

ನಾನು ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹದಿನಾರು ವರ್ಷಗಳಿಂದ ಮೊದಲು ಕಾಲರು, ಆಮೇಲೆ ತೋಳು, ಆಮೇಲೆ ಬೆನ್ನು, ಕೊನೆಗೆ ಎದೆ ಎಂಬ ಕ್ರಮ ತಪ್ಪದೆ ಅಂಗಿಗಳನ್ನು ತೀಡಿ ಅಭ್ಯಾಸವಾದವಳಾದ್ದರಿಂದ ನನ್ನ ದೂರನ್ನೂ ಹಾಗೆಯೇ ಕ್ರಮವಾಗಿ, ಸುಕ್ಕಿಲ್ಲದಂತೆ ಹರಡಬೇಕೆಂದು ಕೂತಿದ್ದೇನೆ. ನಡುವೆ ಎಲ್ಲಾದರೂ ಸುಟ್ಟ ವಾಸನೆ ಬಂದರೆ ಅದು ಇಸ್ತ್ರಿಪೆಟ್ಟಿಗೆಯದೆಂದು ತಿಳಿದು ತಾವು ಮನ್ನಿಸಬೇಕು.

ಈ ದೂರನ್ನು ಸಂಗೀತೋತ್ಸವದ ಕಚೇರಿಗೆ ಕಳಿಸುವುದು ಬಿಟ್ಟು ತಮಗೇಕೆ ಎಂದು ತಾವು ಕೇಳಬಹುದು. ಕಚೇರಿಗೂ ಬರೆದೆ. ಮೂರು ಪತ್ರಗಳಿಗೆ ಉತ್ತರ ಬಾರದಿದ್ದಾಗ ಫೋನ್ ಮಾಡಿದೆ. ಸಹಾಯವಾಣಿಯಲ್ಲಿ ಸಿಕ್ಕ ಹುಡುಗಿ ಬಹಳ ಮೃದು ಮಾತಿನವಳು. ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿಸಿಕೊಂಡು, "ಬೇಜಾರು ಮಾಡ್ಕೋಬೇಡಿ ಮೇಡಂ, ಯಾವುದು ಜನಕ್ಕೆ ಇಷ್ಟ ಆಯ್ತು ಅಂತ ತೀರ್ಮಾನ ಮಾಡೋದೆಲ್ಲ ಆ ಕೈಪಟ್ಟಿನೇ, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದಳು. ಮೇಲಿನವರ ಹತ್ತಿರ ಮಾತಾಡಬಹುದೇ ಎಂದು ಕೇಳಿದ್ದಕ್ಕೆ, "ಮೇಲಿನವರೂ ಅದನ್ನೇ ನೋಡ್ಕೊಂಡು ಹೇಳೋದು ಮೇಡಂ" ಎಂದಳು. ಅವರ ಕೈಯಲ್ಲಿ ಏನೂ ಇಲ್ಲ. ತಾವಾದರೋ ಒಂದು ತಿಂಗಳಿಂದ ನನ್ನ ಕೈಯಲ್ಲೇ ಇದ್ದೀರಿ. ಆದ್ದರಿಂದ ದೂರದವರ ಕಾಲು ಹಿಡಿಯುವ ಬದಲು ಹತ್ತಿರದವರನ್ನೇ ಕೇಳೋಣ ಎನಿಸಿತು.

ತಮ್ಮನ್ನು ಅರಿಯದ ಓದುಗರೂ ಈ ಬಹಿರಂಗ ಪತ್ರವನ್ನು ಓದುತ್ತಾರಾದ್ದರಿಂದ ತಮ್ಮ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ಸ್ವಂತ ಹಾಡು ಕಟ್ಟಿ ಹಾಡುವ ಸಣ್ಣಪುಟ್ಟ ತಂಡಗಳಿಗಾಗಿ ಇರುವ ಈ ಇಂಡಿ ಸಂಗೀತೋತ್ಸವದಲ್ಲಿ, ಮೂರು ದಿನ, ಐದು ವೇದಿಕೆ, ಅರವತ್ತೆರಡು ಪ್ರದರ್ಶನಗಳು. ಬಾಗಿಲಲ್ಲೇ ಪ್ರತಿಯೊಬ್ಬರ ಕೈಗೂ ತಮ್ಮನ್ನು ತೊಡಿಸುತ್ತಾರೆ. ಯಾರು ಯಾವ ವೇದಿಕೆಯ ಮುಂದಿದ್ದರು, ಅಲ್ಲಿ ಅವರ ಕೈ ಎಷ್ಟು ಅಲ್ಲಾಡಿತು ಎಂಬುದನ್ನು ತಾವು ಬರೆದುಕೊಳ್ಳುತ್ತೀರಿ. ಹೆಚ್ಚು ಅಲ್ಲಾಡಿದರೆ ಹೆಚ್ಚು ಇಷ್ಟವಾಯಿತೆಂದು ಅರ್ಥ. ಹೀಗೆ ತಾವು ಆರಿಸಿದ ಹತ್ತು ಅಚ್ಚುಮೆಚ್ಚಿನ ಪ್ರದರ್ಶನಗಳ ಧ್ವನಿಮುದ್ರಣವನ್ನು ಉತ್ಸವದವರು ಶಾಶ್ವತವಾಗಿ ಇಟ್ಟುಕೊಳ್ಳುತ್ತಾರೆ. ಉಳಿದ ಐವತ್ತೆರಡನ್ನು ಮೂವತ್ತು ದಿನಗಳ ಮಟ್ಟಿಗೆ ಅವರ ಪುಟದಲ್ಲಿ ಕೇಳಬಹುದು. ಮೂವತ್ತನೆಯ ದಿನ ಅಳಿಸಿಬಿಡುತ್ತಾರೆ. ಮನೆಯಲ್ಲಿ ಕೂತು ಕೇಳುವಾಗಲೂ ತಮ್ಮನ್ನು ತೊಟ್ಟು, ಫೋನನ್ನು ಪಕ್ಕದಲ್ಲಿಟ್ಟುಕೊಂಡರೆ ಆ ಅಲ್ಲಾಟವೂ ಲೆಕ್ಕಕ್ಕೆ ಬಂದು, ಮೂವತ್ತನೆಯ ದಿನದವರೆಗೂ ಸ್ಥಾನಗಳು ಬದಲಾಗುತ್ತವೆಂದು ಕರಪತ್ರದ ಹದಿನಾಲ್ಕನೆಯ ನಿಯಮ ಹೇಳುತ್ತದೆ. ಹದಿನೈದನೆಯ ನಿಯಮದ ಪ್ರಕಾರ ತಾವು ಮಳೆ, ಬೆವರು, ಕಣ್ಣೀರು ಯಾವುದಕ್ಕೂ ಜಗ್ಗುವವರಲ್ಲ. ಕಣ್ಣೀರಿಗೆ ಜಗ್ಗುವವರಲ್ಲ ಎಂಬುದು ಅಕ್ಷರಶಃ ಸತ್ಯವೆಂದು ನನ್ನ ಅನುಭವ.

ಉತ್ಸವ ಮುಗಿದ ಮರುದಿನ ತಾವು ಪ್ರಕಟಿಸಿದ ಯಾದಿಯನ್ನು ಓದಿ ನಾನು ಬೆರಗಾಗಿ ಕೂತುಬಿಟ್ಟೆ. ಮೊದಲ ಸ್ಥಾನ ದೊಡ್ಡ ವೇದಿಕೆಯ ಐವರ ತಂಡಕ್ಕೆ. ನಾನೂ ಅಲ್ಲಿದ್ದೆ. ಅವರ ಎರಡನೆಯ ಹಾಡಿಗೆ ಸ್ಪೀಕರ್ ಗುಡುಗಿದ ರಭಸಕ್ಕೆ ಹಿಂದಿನ ಮರದ ಜೇನು ಎದ್ದು, ಮುನ್ನೂರು ಜನ ಎರಡೂ ಕೈಗಳನ್ನು ತಲೆಯ ಮೇಲೆ ಬೀಸುತ್ತ, ಅಂಗಿ ಕೊಡವುತ್ತ, ಒಬ್ಬರ ಬೆನ್ನನ್ನು ಒಬ್ಬರು ಬಡಿಯುತ್ತ ಮೈದಾನದ ಉದ್ದಕ್ಕೂ ಓಡಿದರು. ತಾವು ಅದಕ್ಕೆ "ಉತ್ಸವದ ಇತಿಹಾಸದಲ್ಲೇ ಕಾಣದ ಉಲ್ಲಾಸ" ಎಂದು ಷರಾ ಬರೆದಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾನು ಜೀವನದಲ್ಲಿ ಬಹಳ ಜನರನ್ನು ನೋಡಿದ್ದೇನೆ. ಇಷ್ಟು ಬೇಗ ಹಗ್ಗ ತಂದವರನ್ನು ಮಾತ್ರ ನೋಡಿರಲಿಲ್ಲ.

ಎರಡನೆಯ ಸ್ಥಾನ ಶೌಚಾಲಯಗಳ ಪಕ್ಕದ ವೇದಿಕೆಗೆ ಹೋಗಿದೆ. ಅಲ್ಲಿ ಹಾಡುತ್ತಿದ್ದ ಸೋದರರಿಬ್ಬರು ಪಾಪ ಚೆನ್ನಾಗಿಯೇ ಹಾಡುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹನ್ನೊಂದು ಶೌಚಾಲಯಗಳಲ್ಲಿ ಎಂಟರ ಬಾಗಿಲಿಗೆ ಬೀಗ ಬಿದ್ದಿದ್ದಾಗ, ಸರತಿಯಲ್ಲಿದ್ದ ಜನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುತ್ತಿದ್ದುದು ತಾಳಕ್ಕಲ್ಲ ಎಂಬುದನ್ನು ನಾನು ತಮ್ಮ ಗಮನಕ್ಕೆ ತರಬೇಕಾಗಿದೆ. ಮೂರನೆಯ ಸ್ಥಾನದ ಬಗ್ಗೆ ಏನು ಹೇಳಲಿ? ಆ ಪ್ರದರ್ಶನ ನಡೆಯಲೇ ಇಲ್ಲ. ಕರೆಂಟು ಹೋಗಿ ಹಾಡುಗಾರ್ತಿ ಇಪ್ಪತ್ತೆರಡು ನಿಮಿಷ ಮೈಕಿನ ಮುಂದೆ ಸುಮ್ಮನೆ ನಿಂತಿದ್ದಳು, ಮುಚ್ಚಿದ ಡೇರೆಯೊಳಗಿನ ಜನ ಸೆಕೆ ತಾಳಲಾರದೆ ತಮ್ಮ ನಿಯಮಾವಳಿಯ ಕರಪತ್ರದಿಂದಲೇ ಒಂದೇ ಸಮನೆ ಗಾಳಿ ಬೀಸಿಕೊಂಡರು. ಹಾಡದೆಯೇ ಜನಮನ ಗೆಲ್ಲುವ ಈ ಸುಲಭ ವಿದ್ಯೆ ಗೊತ್ತಿದ್ದರೆ ನಾವು ಹನ್ನೊಂದು ವರ್ಷ ತಾಲೀಮು ಮಾಡುತ್ತಿರಲಿಲ್ಲ.

ಇನ್ನು ನನಗೆ ಇಷ್ಟವಾದ ಪ್ರದರ್ಶನಗಳನ್ನು ತಮ್ಮಂಥವರ ಮುಂದೆ ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಏಕೆಂದರೆ ಅವೆಲ್ಲ ತಮ್ಮ ಯಾದಿಯ ಬುಡದಲ್ಲಿ ಒಂದರ ಮೇಲೊಂದು ಬಿದ್ದಿವೆ. ಸೈಕಲ್ ರಿಪೇರಿ ಮಾಡುವ ಹೆಂಗಸೊಬ್ಬಳು ಒಂದೇ ಗಿಟಾರು ಹಿಡಿದು ಬಂದಿದ್ದಳು. ಎರಡನೆಯ ಹಾಡಿಗೆ ತಂತಿ ಕಡಿಯಿತು. ಬೇರೆ ತಂತಿ ತಂದಿರಲಿಲ್ಲ. ಅವಳು ಕ್ಷಮೆ ಕೇಳಲಿಲ್ಲ, ನಿಲ್ಲಿಸಲೂ ಇಲ್ಲ. ಉಳಿದ ಐದು ತಂತಿಗಳಲ್ಲೇ, ಹಲ್ಲು ಬಿದ್ದ ಕಡೆ ನಾಲಿಗೆ ಹೋಗುವಂತೆ ಆ ಇಲ್ಲದ ತಂತಿಯ ಸುತ್ತಲೇ ಸುಳಿಯುತ್ತ ನಾಲ್ಕು ಹಾಡು ಮುಗಿಸಿದಳು, ಮುಂದೆ ಕೂತವರು ಉಗುರು ಕಚ್ಚಿಕೊಂಡು ಕೇಳಿದರು. ತಾವು ಕೊಟ್ಟ ಸ್ಥಾನ ಐವತ್ತೆಂಟು. ಇನ್ನೊಬ್ಬರು ವಯಸ್ಸಾದ ಬಡಗಿ. ತೊಡೆಯ ನಡುವೆ ತಮ್ಮ ಕೈಗರಗಸವನ್ನು ಬಾಗಿಸಿ ಹಿಡಿದು, ಅದರ ಅಂಚಿಗೆ ಪಿಟೀಲಿನ ಕಮಾನು ತೀಡಿ, ಮರ ಕೊಯ್ಯುವ ಆ ಕಬ್ಬಿಣದಿಂದ ಯಾರೋ ಪಕ್ಕದ ಕೋಣೆಯಲ್ಲಿ ಮೂಗಿನಲ್ಲೇ ಹಾಡಿಕೊಂಡಂಥ ದನಿ ತೆಗೆದರು. ನನ್ನ ಪಕ್ಕದಲ್ಲಿದ್ದ ಹೆಂಗಸು ಅಳುತ್ತ ಒಂದೇ ಒಂದು ಸಲ ತೋಳಿನಿಂದ ಕಣ್ಣೊರೆಸಿಕೊಂಡಳು. ಆ ಒರೆಸಿಕೊಂಡದ್ದಕ್ಕೆ ತಾವು ಅರ್ಧ ಅಂಕ ಕೊಟ್ಟ ಔದಾರ್ಯವನ್ನು ನಾನು ಬದುಕಿರುವವರೆಗೂ ಮರೆಯಲಾರೆ.

ಈಗ ಅರವತ್ತೆರಡನೆಯ ಸ್ಥಾನದ ವಿಷಯ. ಅದು ನಮ್ಮದು.

ನಮ್ಮ ತಂಡದ ಹೆಸರು 'ವಾರದ ರಜೆ'. ಇರುವುದು ಮೂವರೇ: ಅಕ್ಕ ಹಾಡುತ್ತಾಳೆ, ಭಾವ ಬೇಸ್ ಗಿಟಾರು ನುಡಿಸುತ್ತಾರೆ, ನಾನು ಎರಡು ಕೀಗಳು ಒತ್ತಿದರೆ ಮತ್ತೆ ಮೇಲೇಳದ ಹಳೆಯ ಕೀಬೋರ್ಡಿನ ಮುಂದೆ ಕೂರುತ್ತೇನೆ. ಅಕ್ಕನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗಳ ಮುಖದ ಹತ್ತಿರ ಬಾಗಿ, "ಮೂಗಿನ ಮೇಲೆ ಸರಿಯಾಗಿ ಕೂತಿತಾ, ಕಿವಿ ಹಿಂದೆ ಒತ್ತುತ್ತಾ" ಎಂದು ದಿನಕ್ಕೆ ನೂರು ಸಲ ಕೇಳಿ ಕೇಳಿ ಅವಳ ದನಿ ತಗ್ಗಿನಲ್ಲೇ ಪಳಗಿದೆ. ಭಾವ ಲಿಫ್ಟ್ ರಿಪೇರಿಯವರು, ಯಾವುದಕ್ಕೂ "ನೋಡೋಣ" ಎನ್ನುವುದು ಬಿಟ್ಟರೆ ಹೆಚ್ಚಿಗೆ ಮಾತಿಲ್ಲ. ಹನ್ನೊಂದು ವರ್ಷಗಳಿಂದ ಪ್ರತಿ ವಾರದ ರಜೆಯ ದಿನ, ಮುಚ್ಚಿದ ಲಾಂಡ್ರಿಯಲ್ಲಿ, ಒಣಗಲು ಸಾಲಾಗಿ ತೂಗುಹಾಕಿದ ಆಸ್ಪತ್ರೆಯ ಬೆಡ್‌ಶೀಟುಗಳ ನಡುವೆ ನಮ್ಮ ತಾಲೀಮು. ಆ ಶೀಟುಗಳು ದನಿಯನ್ನು ಎಷ್ಟು ಚೆನ್ನಾಗಿ ಹಿಡಿಯುತ್ತವೆಂದರೆ, ಒಣಗಿದ ದಿನಕ್ಕೂ ಹಸಿ ಇದ್ದ ದಿನಕ್ಕೂ ಅಕ್ಕ ಬೇರೆ ಬೇರೆ ಥರ ಹಾಡುತ್ತಾಳೆ.

ಹಾಡುತ್ತಿದ್ದಳು ಎಂದು ಬರೆಯಬೇಕಿತ್ತು. ಅಭ್ಯಾಸಬಲ.

ಈ ಹನ್ನೊಂದು ವರ್ಷಗಳಲ್ಲಿ ಅವಳ ಒಂದು ಹಾಡನ್ನೂ ನಾವು ಮುದ್ರಿಸಿಕೊಳ್ಳಲಿಲ್ಲ. ಅವಳೇ ಬಿಡಲಿಲ್ಲ. ಫೋನು ತೆಗೆದರೆ ಸಾಕು, "ಇಡೇ ಅದನ್ನ. ಡಬ್ಬಿಯಲ್ಲಿ ತುಂಬಿಡೋಕೆ ಹಾಡೇನು ಸಕ್ಕರೆನಾ? ಮುಂದಿನ ವಾರ ಮತ್ತೆ ಹಾಡ್ತೀನಲ್ಲ" ಎನ್ನುತ್ತಿದ್ದಳು. ಮುಂದಿನ ವಾರ ಎಂಬುದು ಸದಾ ಇರುತ್ತದೆಂದು ನಾವೂ ನಂಬಿದ್ದೆವು. ಉತ್ಸವಕ್ಕೆ ಹದಿನೈದು ದಿನ ಇರುವಾಗ ಗಂಟಲಿನ ವೈದ್ಯರು ಅವಳ ಧ್ವನಿತಂತುವಿನ ಮೇಲೆ ಗಂಟು ಬೆಳೆದಿರುವುದನ್ನು ತೋರಿಸಿ, ಉತ್ಸವ ಮುಗಿದ ಐದನೆಯ ದಿನಕ್ಕೆ ಆಪರೇಷನ್ ಗೊತ್ತು ಮಾಡಿದರು. "ಮಾತು ಬರುತ್ತೆ, ನಿಧಾನಕ್ಕೆ. ಹಾಡಿನ ಬಗ್ಗೆ ಮಾತ್ರ ನಾನು ಏನೂ ಭರವಸೆ ಕೊಡಲ್ಲಮ್ಮ" ಎಂದರು. ಅಕ್ಕ ಅಲ್ಲಿಂದ ನೇರವಾಗಿ ಕನ್ನಡಕದ ಅಂಗಡಿಗೆ ಹೋಗಿ ಮಧ್ಯಾಹ್ನದ ಪಾಳಿ ಮುಗಿಸಿ ಬಂದಳು.

ಎರಡನೆಯ ದಿನ ಮಧ್ಯಾಹ್ನ ಮೂರೂಕಾಲಿಗೆ, ತಿಂಡಿ ಡೇರೆಗಳ ಹಿಂದಿನ ಮೂಲೆ ವೇದಿಕೆಯಲ್ಲಿ ನಮ್ಮ ಸರದಿ. ಎದುರಿಗೆ ನಲವತ್ತೊಂದು ಜನ, ನಾನೇ ಎಣಿಸಿದೆ. ಮೊದಲ ಎರಡು ಹಾಡು ಹೇಗೆ ಹೋದವೋ ತಿಳಿಯದು. ಕೊನೆಯದು ಅಕ್ಕನೇ ಕಟ್ಟಿದ ಎಂಟು ನಿಮಿಷದ ಹಾಡು. ಇಬ್ಬರು ಒಂದು ದೊಡ್ಡ ಬೆಡ್‌ಶೀಟಿನ ಎರಡೆರಡು ತುದಿ ಹಿಡಿದು, ಕೊಡವಿ, ಮಡಿಸಲೆಂದು ಒಬ್ಬರತ್ತ ಒಬ್ಬರು ನಡೆದು ಬರುವುದಷ್ಟೇ ಅದರ ಕಥೆ. ಚಿಕ್ಕಂದಿನಲ್ಲಿ ಅಮ್ಮ ನಮ್ಮಿಬ್ಬರ ಕೈಗೂ ತುದಿ ಕೊಟ್ಟು ನಿಲ್ಲಿಸುತ್ತಿದ್ದಳು. ಅದರಲ್ಲಿ ಡ್ರಮ್ಮಿಲ್ಲ, ಕುಣಿಯುವಂಥದ್ದೇನೂ ಇಲ್ಲ. ಐದನೆಯ ನಿಮಿಷಕ್ಕೆ ಎಲ್ಲವೂ ನಿಲ್ಲುತ್ತದೆ. ನಾಲ್ಕು ಉಸಿರಿನಷ್ಟು ಹೊತ್ತು ಮೌನ, ಆಮೇಲೆ ಅಕ್ಕ ಒಬ್ಬಳೇ ಮತ್ತೆ ಎತ್ತಿಕೊಳ್ಳುತ್ತಾಳೆ.

ಅಂದು ಆ ನಲವತ್ತೊಂದು ಜನ ಏನು ಮಾಡಿದರೆಂದು ತಮಗೆ ಗೊತ್ತಿದೆ, ಏಕೆಂದರೆ ತಾವು ಬರೆದುಕೊಂಡಿದ್ದೀರಿ: ಏನೂ ಮಾಡಲಿಲ್ಲ. ಮುಂದಿನ ಸಾಲಿನ ಗಡ್ಡದವರೊಬ್ಬರು ಕಾಫಿಯ ಕಾಗದದ ಲೋಟವನ್ನು ತುಟಿಯವರೆಗೆ ಎತ್ತಿದವರು ಕುಡಿಯಲೂ ಇಲ್ಲ, ಇಳಿಸಲೂ ಇಲ್ಲ. ಹಿಂದೆ ಕೂತಿದ್ದ ಮುದುಕಿ ಕೊಡೆ ಮಡಿಸಲು ಹೋಗಿ ಅರ್ಧಕ್ಕೆ ಬಿಟ್ಟಿದ್ದಳು. ಅಲ್ಲಿಗೆ ಐದು ನಿಮಿಷ ಒಂದು ಕೈಯೂ ಮಿಸುಕದ್ದನ್ನು ಕಂಡು ಕಳವಳಗೊಂಡ ತಾವು, ಸರಿಯಾಗಿ ಆ ಮೌನದ ನಡುವೆ, ನಲವತ್ತೊಂದು ಮಣಿಕಟ್ಟುಗಳಲ್ಲೂ ಒಟ್ಟಿಗೇ ಗುಂಯ್ ಎಂದು ನಡುಗಿ, "ತಾವು ಕ್ಷೇಮವೇ? ಕ್ಷೇಮವಿದ್ದರೆ ಗುಂಡಿ ಒತ್ತಿ" ಎಂದು ವಿಚಾರಿಸಿದಿರಿ. ಯಾರೂ ಒತ್ತಲಿಲ್ಲ. ತಮ್ಮ ಗುಂಯ್ ಬಹುಮಟ್ಟಿಗೆ ನಮ್ಮ ಶ್ರುತಿಯಲ್ಲೇ ಇತ್ತೆಂದು ಭಾವ ಇಂದಿಗೂ ಹೇಳುತ್ತಾರೆ. ಅಕ್ಕ ಅದರಿಂದಲೇ ಮುಂದಿನ ಸಾಲನ್ನು ಎತ್ತಿಕೊಂಡಳು. ಆ ಮಟ್ಟಿಗೆ ತಮಗೆ ನಾವು ಋಣಿಗಳು.

ಯಾರೂ ಗುಂಡಿ ಒತ್ತದ್ದರಿಂದ ನಲವತ್ತೊಂದು ಜನ ಸಾಮೂಹಿಕವಾಗಿ ಪ್ರಜ್ಞೆ ತಪ್ಪಿದ್ದಾರೆಂದು ತಾವು ತೀರ್ಮಾನಿಸಿ, ಪ್ರಥಮ ಚಿಕಿತ್ಸೆಯ ಡೇರೆಗೆ ಸುದ್ದಿ ಮುಟ್ಟಿಸಿದಿರಿ. ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಇಬ್ಬರು ಸ್ಟ್ರೆಚರ್ ಹೊತ್ತುಕೊಂಡು ಎದ್ದೆವೋ ಬಿದ್ದೆವೋ ಎಂದು ಓಡಿಬಂದರು. ಯಾರನ್ನು ಮಲಗಿಸಬೇಕೆಂದು ಒಂದು ಕ್ಷಣ ಅತ್ತಿತ್ತ ನೋಡಿದರು. ಆಮೇಲೆ ಅವರೂ ನಿಂತುಬಿಟ್ಟರು. ಖಾಲಿ ಸ್ಟ್ರೆಚರಿನ ಒಂದು ತುದಿಯನ್ನು ಒಬ್ಬ, ಇನ್ನೊಂದು ತುದಿಯನ್ನು ಇನ್ನೊಬ್ಬ ಹಿಡಿದು ಎದುರುಬದುರು ನಿಂತದ್ದನ್ನು ನೋಡಿ ಅಕ್ಕನಿಗೆ ಹಾಡಿನ ನಡುವೆಯೇ ನಗು ಬಂತು. ಶೀಟು ಮಡಿಸುವ ಕೊನೆಯ ಸಾಲನ್ನು ಅವಳು ಆ ನಗುವಿನೊಂದಿಗೇ ಹಾಡಿದಳು. ಹನ್ನೊಂದು ವರ್ಷಗಳಲ್ಲಿ ನಾನು ಕೇಳಿದ್ದರಲ್ಲಿ ಅದೇ ಅವಳ ಅತ್ಯುತ್ತಮ ಹಾಡು.

ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಡ್ಡದವರ ಲೋಟ ಕೈಜಾರಿ ಕಾಫಿಯೆಲ್ಲ ಅವರ ಬಿಳಿ ಅಂಗಿಯ ಮೇಲೆ ಸುರಿದ ಮೇಲೆಯೇ ಎಲ್ಲರಿಗೂ ಎಚ್ಚರವಾದಂತಾಗಿ, ಒಮ್ಮೆಲೇ ತಟ್ಟತೊಡಗಿದರು. ಅಷ್ಟರಲ್ಲಿ ನಮ್ಮ ವೇಳೆ ಮುಗಿದು ಹನ್ನೊಂದು ಸೆಕೆಂಡಾಗಿತ್ತು. ತಾವು ಲೆಕ್ಕ ಮುಚ್ಚಿ ಎದ್ದಿದ್ದಿರಿ. ನಮ್ಮ ಹೆಸರಿನ ಮುಂದೆ "ಸ್ಥಾನ ಅರವತ್ತೆರಡು. ಶ್ರೋತೃಗಳಲ್ಲಿ ಜೀವಲಕ್ಷಣ ಕಡಿಮೆ" ಎಂದಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ತಾವು ನಗಬಹುದು. ನಮ್ಮ ನೆಲ ನೆಟ್ಟಗೇ ಇತ್ತು ಸ್ವಾಮಿ, ಕುಣಿಯುವವರಷ್ಟೇ ಇರಲಿಲ್ಲ.

ಆಪರೇಷನ್ನಿನ ದಿನ ನಾನು ಆಸ್ಪತ್ರೆಗೆ ಹೋಗಲಿಲ್ಲ. ಭಾವ ಹೋಗಿದ್ದರು, ಇಬ್ಬರನ್ನು ಒಳಗೆ ಬಿಡುತ್ತಿರಲಿಲ್ಲ. ಸುಮ್ಮನೆ ಕೂರಲಾರದೆ ಲಾಂಡ್ರಿಗೆ ಬಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೂರ ಅರವತ್ತು ಅಂಗಿ ತೀಡಿದೆ. ಆ ಹೊತ್ತಿಗೆ ಮನಸ್ಸಿಗೆ ಧೈರ್ಯ ಬರಲೆಂದು ಅಕ್ಕನ ಹಾಡನ್ನು ತಮ್ಮ ಪುಟದಿಂದ ಸಣ್ಣಗೆ ಹಾಕಿಕೊಂಡಿದ್ದೆ, ತಾವೂ ಕೈಯಲ್ಲಿದ್ದಿರಿ. ಸಂಜೆ ಆರಕ್ಕೆ ಫೋನು ಟಿಣ್ ಎಂದಾಗ ಭಾವನದೇ ಇರಬೇಕೆಂದು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ತೆಗೆದು ನೋಡಿದರೆ ತಮ್ಮ ಸಂದೇಶ: "ಅಭಿನಂದನೆಗಳು. ಇಂದು ನಿಮ್ಮ ಈ ತಿಂಗಳ ಅತ್ಯಂತ ಆನಂದದ ದಿನ." ಆ ಕ್ಷಣ ತಮ್ಮನ್ನು ಬಿಸಿ ಇಸ್ತ್ರಿಪೆಟ್ಟಿಗೆಯ ಕೆಳಗಿಟ್ಟು ಒಂದು ನಿಮಿಷ ಒತ್ತಿ ಹಿಡಿಯಬೇಕೆನಿಸಿತೆಂದು ಒಪ್ಪಿಕೊಳ್ಳುತ್ತೇನೆ. ಸದ್ಯ, ಹಾಗೆ ಮಾಡಲಿಲ್ಲ. ಅದರ ಕಾರಣ ಮುಂದೆ ಬರುತ್ತದೆ.

ಮೂರು ದಿನದ ಮೇಲೆ ಅಕ್ಕನನ್ನು ನೋಡಲು ಹೋದೆ. ಮಾತಾಡುವಂತಿಲ್ಲವಾದ್ದರಿಂದ ಕನ್ನಡಕದ ಅಂಗಡಿಯ ಆರ್ಡರ್ ಪುಸ್ತಕವನ್ನೇ ತರಿಸಿಟ್ಟುಕೊಂಡಿದ್ದಳು; ಬಲಗಣ್ಣು, ಎಡಗಣ್ಣು ಎಂದು ಅಚ್ಚಾದ ಚೌಕಗಳ ಮೇಲೆ ಬರೆದು ಬರೆದು ತೋರಿಸುತ್ತಿದ್ದಳು. ನೀರು ಬೇಕು, ಕಿಟಕಿ ತೆಗಿ, ಭಾವನಿಗೆ ಊಟ ಆಯ್ತಾ ಎಂದೆಲ್ಲ ಆದ ಮೇಲೆ, ನಾನು ಹೊರಡುವಾಗ ನನ್ನ ಸೆರಗು ಹಿಡಿದು ನಿಲ್ಲಿಸಿ, ಎರಡೇ ಮಾತು ಬರೆದಳು: "ಅದು ಇದೆಯಾ?"

ಇದೆ ಎಂದೆ. ಯಾವುದೆಂದು ಕೇಳಲಿಲ್ಲ. ಅಷ್ಟು ವರ್ಷ ಹಾಡನ್ನು ಡಬ್ಬಿಯಲ್ಲಿ ತುಂಬಬಾರದೆಂದವಳಿಗೆ, ಡಬ್ಬಿಯೇನೋ ತುಂಬಿದೆ, ಇನ್ನು ಇಪ್ಪತ್ತೆರಡು ದಿನಕ್ಕೆ ಚೆಲ್ಲಿಬಿಡುತ್ತಾರೆ ಎಂದು ಹೇಳುವ ಬಾಯಿ ನನಗಿರಲಿಲ್ಲ. ಭಾವ ಇನ್ನೊಂದು ಫೋನು ಹಿಡಿದು ನಕಲು ಮಾಡಿಕೊಳ್ಳಲು ನೋಡಿದರು. ಬಕೀಟಿನೊಳಗೆ ಕೂತು ಹಾಡಿದಂತಿತ್ತು, ಸಾಲು ಮತ್ತು ಸಾಲಿನ ನಡುವೆ ಅವಳು ಉಸಿರು ತೆಗೆದುಕೊಳ್ಳುವುದು, ಆ ಕೊನೆಯ ನಗು, ಎರಡೂ ಅದರಲ್ಲಿ ಕೇಳುತ್ತಿರಲಿಲ್ಲ. ಆಮೇಲೆಯೇ ನಾನು ಕಚೇರಿಗೆ ಬರೆದದ್ದು, ಫೋನ್ ಮಾಡಿದ್ದು, ಅವರ ಕೈಯಲ್ಲಿ ಏನೂ ಇಲ್ಲವೆಂದು ತಿಳಿದುಕೊಂಡದ್ದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳಿವು. ಮುಂದಿನ ವರ್ಷದಿಂದ ತಾವು ದಯವಿಟ್ಟು ಕೈ ಮಾತ್ರವಲ್ಲದೆ, ಎದ್ದು ನಿಂತ ಮೈಕೂದಲನ್ನೂ, ಹಿಡಿದಿಟ್ಟುಕೊಂಡ ಉಸಿರನ್ನೂ, ಕುಡಿಯದೆ ಆರಿಹೋದ ಕಾಫಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ, ಶ್ರೋತೃಗಳ ಎದೆ ಬಡಿತ ಎದೆಯಲ್ಲೇ ಉಳಿಯದೆ ಮಣಿಕಟ್ಟಿಗೆ ಬಂದು ಹಾಜರಿ ಹಾಕಬೇಕೆಂದು ಒಂದು ಸುತ್ತೋಲೆ ಹೊರಡಿಸಬೇಕು. ಅದೂ ಆಗದಿದ್ದರೆ ಪ್ರತಿ ವೇದಿಕೆಗೂ ಒಂದೊಂದು ಜೇನುಗೂಡನ್ನು ಸಮಾನವಾಗಿ ಹಂಚಬೇಕು. ನ್ಯಾಯವೆಂದ ಮೇಲೆ ಎಲ್ಲರಿಗೂ ಒಂದೇ ಇರಲಿ.

ಉತ್ತರ ಬರುವುದಿಲ್ಲವೆಂದು ಗೊತ್ತಿದ್ದುದರಿಂದ ನಾವು ಸುಮ್ಮನೆ ಕೂರಲಿಲ್ಲ. ಹದಿನೆಂಟನೆಯ ದಿನ ಒಬ್ಬ ಗಿರಾಕಿ ಕಾಫಿ ಕಲೆಯಾದ ಬಿಳಿ ಅಂಗಿ ತಂದರು. ಮನೆಯಲ್ಲೇ ಉಪ್ಪು, ನಿಂಬೆಹಣ್ಣು, ಸೋಡಾಪುಡಿ ಎಲ್ಲ ಹಾಕಿ ತಿಕ್ಕಿ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡಿದ್ದರು. ಅಂಗಿ ಕೊಟ್ಟು ನನ್ನ ಮುಖವನ್ನೇ ನೋಡುತ್ತ, "ನೀವು ಆ ಮೂಲೆ ವೇದಿಕೆಯವರಲ್ವಾ? ಇದು ನಿಮ್ಮಿಂದ್ಲೇ ಆಗಿದ್ದು" ಎಂದರು. ಅದೇ ಗಡ್ಡ. ಅಕ್ಕ ಹೇಗಿದ್ದಾರೆ, ಮತ್ತೆ ಯಾವಾಗ ಹಾಡ್ತಾರೆ ಎಂದು ಕೇಳಿದರು. ನನಗೆ ಇದ್ದಕ್ಕಿದ್ದಂತೆ ಅಳು ಬಂದು, ಕೌಂಟರಿನ ಮೇಲೆಯೇ ಎಲ್ಲ ಹೇಳಿಬಿಟ್ಟೆ, ಆಪರೇಷನ್ನಿನ ದಿನದ ತಮ್ಮ ಅಭಿನಂದನೆಯ ಸಮೇತ. ಅವರು ಗಡ್ಡ ಕೆರೆದುಕೊಳ್ಳುತ್ತ, "ಅಂಗಿ ಇಸ್ತ್ರಿ ಮಾಡಿದ್ದಕ್ಕೇ ಅದು ಅಷ್ಟು ಖುಷಿಪಟ್ಟಿತಾ?" ಎಂದು ಕೇಳಿ, ನನ್ನ ಬೆನ್ನ ಹಿಂದೆ ನೋಡಿದರು. ಅಲ್ಲಿ ನಮ್ಮ ಎರಡನೆಯ ನಂಬರಿನ ಯಂತ್ರ ಬಟ್ಟೆ ಹಿಂಡುತ್ತಿತ್ತು.

ಆ ಯಂತ್ರದ ಬಗ್ಗೆ ತಮಗೆ ತಿಳಿದಿರಲಿ. ನಮ್ಮ ಮೂರು ಯಂತ್ರಗಳಲ್ಲಿ ಅದೇ ಹಳೆಯದು. ಹಿಂಡುವ ಹೊತ್ತಿಗೆ ನೆಲದ ಮೇಲೆ ಕುಣಿಯುತ್ತ ಮುಂದಕ್ಕೆ ಬರುತ್ತದೆಂದು ಎರಡು ಇಟ್ಟಿಗೆ ಅಡ್ಡ ಇಟ್ಟಿದ್ದೇವೆ. ಒಂದು ಸುತ್ತು ಹಿಂಡಲು ಒಂಬತ್ತು ನಿಮಿಷ. ಅಕ್ಕನ ಹಾಡು ಎಂಟು ನಿಮಿಷ.

ಗಡ್ಡದವರು ಕೈಯನ್ನು ಸೋಪಿನ ನೊರೆಯಲ್ಲಿ ಅದ್ದಿ, ಅಲ್ಲಿ ಇನ್ನೂ ಅಂಟಿಕೊಂಡಿದ್ದ ಕೈಪಟ್ಟಿಯನ್ನು, ಅಂದರೆ ತಮ್ಮ ಬಂಧುವನ್ನು, ಜಾರಿಸಿ ಕೊಟ್ಟರು. ನಮ್ಮಲ್ಲಿಗೇ ಬೆಡ್‌ಶೀಟು ಒಗೆಯಲು ಕಳಿಸುವ ಆಸ್ಪತ್ರೆಯವರೇ ಆದ, ಪ್ರಥಮ ಚಿಕಿತ್ಸೆಯ ಡೇರೆಯ ಆ ಇಬ್ಬರಿಗೆ ಅವತ್ತೇ ಹೇಳಿ ಕಳಿಸಿದೆ. ಅವರಿಬ್ಬರೂ ಬಂದರು, ಗೊತ್ತಿದ್ದವರನ್ನೂ ಕರೆತಂದರು. ಅವರಿಂದ ಸುದ್ದಿ ತಿಳಿದ ಕೊಡೆಯ ಮುದುಕಿ ತನ್ನದನ್ನು ಮೊಮ್ಮಗಳ ಕೈಯಲ್ಲಿ ಕಳಿಸಿಕೊಟ್ಟಳು. ವಾರದೊಳಗೆ ತಮ್ಮ ಕುಲಬಾಂಧವರು ಇಪ್ಪತ್ತೊಂದು ಜನ ನಮ್ಮಲ್ಲಿ ಸೇರಿದರು. ಅವರನ್ನೆಲ್ಲ ಕಾಲುಚೀಲ ಒಗೆಯುವ ಬಲೆಚೀಲದಲ್ಲಿ ಹಾಕಿ, ಜಿಪ್ ಎಳೆದು, ಡ್ರಮ್ಮಿನೊಳಗಿಟ್ಟು, ಫೋನನ್ನು ಯಂತ್ರದ ಮೇಲಿಟ್ಟು ಹಾಡು ಹಾಕಿ ಗುಂಡಿ ಒತ್ತಿದೆ. ಸದ್ದು ಕೇಳಿ ಲಾಂಡ್ರಿಯ ಯಜಮಾನಿ ಒಳಗಿನಿಂದ ಬಂದು, "ಖಾಲಿ ಯಂತ್ರ ಯಾಕೇ ತಿರುಗಿಸ್ತಿದ್ದೀಯ?" ಎಂದು ಗದರಿದರು. ವಿಷಯ ಹೇಳಿದೆ. ಒಳಗೆ ಹೋಗಿ ನಾಲ್ಕು ಒದ್ದೆ ಟವೆಲ್ ತಂದು, "ಇಷ್ಟಾದರೂ ತೂಕ ಇಲ್ಲದಿದ್ರೆ ಬೇರಿಂಗ್ ಹೋಗುತ್ತೆ" ಎಂದು ಒಳಗೆ ತುರುಕಿ, ಹಾಡು ಮುಗಿಯುವವರೆಗೆ ಸೊಂಟದ ಮೇಲೆ ಕೈಯಿಟ್ಟು ಅಲ್ಲಾಡದೆ ನಿಂತರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂದು ಭಾವನಿಗೆ ಫೋನಿನಲ್ಲಿ ಹೇಳಿದಾಗ ಅವರು "ನೋಡೋಣ" ಎಂದರು.

ತಾವು ನಮ್ಮನ್ನು ನಿರಾಶೆಗೊಳಿಸಲಿಲ್ಲ. ಮೊದಲ ದಿನ ಅರವತ್ತೆರಡರಿಂದ ನಲವತ್ತು. ಎರಡನೆಯ ದಿನ ಹದಿನೇಳು. ಇವತ್ತು, ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ, ನಾಲ್ಕು. "ಜೀವಲಕ್ಷಣ ಕಡಿಮೆ" ಎಂಬ ಷರಾ ಮಾಯವಾಗಿ "ಶ್ರೋತೃಗಳನ್ನು ಹುಚ್ಚೆಬ್ಬಿಸಿದ ಪ್ರದರ್ಶನ, ಮದುವೆ ಮನೆಗಳಲ್ಲಿ ಕುಣಿಯಲು ಸೂಕ್ತ" ಎಂದು ಬಂದಿದೆ. ಯಾವ ಮದುವೆ ಮನೆಯಲ್ಲಾದರೂ ಆ ಹಾಡು ಹಾಕಿ ನೆಂಟರೆಲ್ಲ ಕಲ್ಲಿನಂತೆ ನಿಂತರೆ ಗಾಬರಿಯಾಗಬೇಡಿ, ಸ್ಟ್ರೆಚರ್ ಕಳಿಸಬೇಡಿ. ತಮ್ಮ ಯಾದಿಯ ಪ್ರಕಾರ ಈ ವರ್ಷದ ಅತ್ಯಂತ ರಸಿಕ ಶ್ರೋತೃ ನಮ್ಮ ಎರಡನೆಯ ನಂಬರಿನ ಯಂತ್ರ. ಅದಕ್ಕೆ ಒಂದು ಪ್ರಶಸ್ತಿಪತ್ರ ಕಳಿಸಿದರೆ ಇಟ್ಟಿಗೆಯ ಪಕ್ಕದಲ್ಲಿ ನೇತುಹಾಕುತ್ತೇವೆ. ಇದನ್ನೆಲ್ಲ ಹೀಗೆ ಬಹಿರಂಗವಾಗಿ ಬರೆದುಕೊಂಡರೆ ಕಚೇರಿಯವರು ಓದಿ ಏನಾದರೂ ಮಾಡಿಯಾರೆಂದು ಗಡ್ಡದವರು ಹೆದರಿಸಿದರು. ನನಗೆ ಆ ಭಯವಿಲ್ಲ. ಅವರ ಕೈಯಲ್ಲಿ ಏನೂ ಇಲ್ಲವಲ್ಲ.

ಇನ್ನೆರಡು ದಿನ ತಾವು ಹೀಗೆಯೇ, ಈಗಿರುವಷ್ಟೇ ಬುದ್ಧಿವಂತರಾಗಿ ಇರಬೇಕೆಂದಷ್ಟೇ ನನ್ನ ಕೊನೆಯ ಪ್ರಾರ್ಥನೆ. ಯಾರಾದರೂ ತಮ್ಮನ್ನು ಸುಧಾರಿಸಲು ಬಂದರೆ ದಯವಿಟ್ಟು ಒಪ್ಪಬೇಡಿ.

ಎಡಗೈಯಲ್ಲಿ ತಮ್ಮನ್ನೂ ಬಲಗೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನೂ ಹಿಡಿದು, ಎರಡನ್ನೂ ಸದ್ಯಕ್ಕೆ ದೂರ ದೂರವೇ ಇಟ್ಟಿರುವ,

ತಮ್ಮ ವಿಶ್ವಾಸಿ,
'ವಾರದ ರಜೆ'ಯ ಕೀಬೋರ್ಡಿನವಳು

ಮರೆತ ಮಾತು: ಪತ್ರ ಮುಗಿಸಿ ಮಡಿಸುವಷ್ಟರಲ್ಲಿ ಅಕ್ಕ ಲಾಂಡ್ರಿಗೆ ಬಂದಳು. ಭಾವ ಬಾಯಿಬಿಟ್ಟಿದ್ದರಂತೆ, ಮಾತಾಡದವರು ಮಾತಾಡುವುದು ಇಂಥದ್ದಕ್ಕೇ. ಚೀಲಕ್ಕೆ ಹಾಕಲೆಂದು ಅವಳ ಕೈಪಟ್ಟಿ ಕೇಳಿದರೆ ಕೊಡದೆ, ಆರ್ಡರ್ ಪುಸ್ತಕ ತೆಗೆದು "ನನ್ನ ವೋಟು ನಾನೇ ಹಾಕ್ತೀನಿ" ಎಂದು ಬರೆದು, ಅದನ್ನು ಕೈಗೆ ತೊಟ್ಟುಕೊಂಡಳು. ಹಾಡು ಹಾಕಿದೆ. ಮುದ್ರಿಸಿದ ತನ್ನ ದನಿಯನ್ನು ಅವಳು ಕೇಳಿದ್ದು ಜೀವನದಲ್ಲಿ ಅದೇ ಮೊದಲು. ಇಸ್ತ್ರಿ ಮೇಜಿನ ಮೇಲೆ ಅಂಗೈ ಊರಿ, ಎಂಟು ನಿಮಿಷವೂ ಒಂದು ಬೆರಳನ್ನೂ ಮಿಸುಕಿಸದೆ ನಿಂತಳು. ಐದನೆಯ ನಿಮಿಷಕ್ಕೆ ತಾವು ಅವಳ ಮಣಿಕಟ್ಟಿನಲ್ಲಿ ಗುಂಯ್ ಎಂದು ಕ್ಷೇಮ ವಿಚಾರಿಸಿದಿರಿ. ಗುಂಡಿ ಒತ್ತಲಿಲ್ಲ. ಹಾಡು ಮುಗಿದ ಮೇಲೆ ಪುಸ್ತಕ ತೆಗೆದು, ಎಡಗಣ್ಣಿನ ಚೌಕದ ಮೇಲೆ, "ಇನ್ನೊಂದ್ಸಲ ಹಾಕು" ಎಂದು ಬರೆದಳು. ತಾವಾದರೋ ಅವಳ ಹೆಸರಿನ ಮುಂದೆ "ಈ ಪ್ರದರ್ಶನ ಇಷ್ಟವಾಗಲಿಲ್ಲ" ಎಂದು ಬರೆದುಕೊಂಡಿರಿ, ಅವಳ ಆ ಒಂದು ವೋಟಿನಿಂದ ನಾವು ನಾಲ್ಕರಿಂದ ಐದಕ್ಕೆ ಇಳಿದೆವು. ಪರವಾಗಿಲ್ಲ. ಇಟ್ಟಿಗೆ ಸರಿಪಡಿಸಿ, ಟವೆಲ್ ಒದ್ದೆ ಮಾಡಿ, ಯಂತ್ರವನ್ನು ಮತ್ತೆ ಹಾಕಿದ್ದೇನೆ.